ಗುಳಿಗೆ ಚಟಕ್ಕೆ ಬಿದ್ದವರಿಗೆ 'ನಾಳೆ' ಯಾಕ ಕಾಣಂಗಿಲ್ಲ? ಮನೆಯವರು ತಿಳಿದಿರಬೇಕಾದ ಸಂಗತಿಗಳು

ನವಲಗುಂದ: ಗೊಬ್ಬರದ ಸಾಲಕ್ಕೆ ಅಂತ ಎತ್ತಿಟ್ಟ ರೊಕ್ಕ ಮಾಯವಾಗುತ್ತದೆ. ಹೊಸ ಮೊಬೈಲ್ ಕಾಲು ಬೆಲೆಗೆ ಮಾರಾಟವಾಗುತ್ತದೆ. ನಿನ್ನೆ ತಾಯಿಯ ತಲೆ ಮುಟ್ಟಿ ಆಣೆ ಮಾಡಿದವನು ಇವತ್ತು ಮಧ್ಯಾಹ್ನಕ್ಕೇ ಆಣೆ ಮುರಿಯುತ್ತಾನೆ. ನೋವಿನ ಗುಳಿಗೆ, ಹೆರಾಯಿನ್ ಇಂಥವುಗಳ ಚಟ ಹೊಕ್ಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಇಷ್ಟ್ ಶಾಣ್ಯಾ ಇದ್ದಂವ, ಇಂಥಾ ಹುಚ್ಚು ಕೆಲಸ ಯಾಕ ಮಾಡ್ತಾನ?"

ಕೊಬ್ಬು, ಸೊಕ್ಕು, ಸಂಗದ ದೋಷ ಅಂತ ಊರವರು ಉತ್ತರ ಹೇಳುತ್ತಾರೆ. ವೈದ್ಯಶಾಸ್ತ್ರದ ಉತ್ತರ ಬೇರೆ ಇದೆ. ಈ ಚಟ ಮನುಷ್ಯನ ಬುದ್ಧಿಯನ್ನು ಪೂರ್ತಿ ತೆಗೆದುಹಾಕುವುದಿಲ್ಲ. ಆದರೆ ಅವನು ಈಗಿನ ಲಾಭವನ್ನೂ ಮುಂದಿನ ನಷ್ಟವನ್ನೂ ತೂಗುವ ತಕ್ಕಡಿಯನ್ನೇ ಕೆಡಿಸುತ್ತದೆ. ಇದು ಗೊತ್ತಿದ್ದರೆ ಯಾವ ಹೊತ್ತಿಗೆ ಏನು ಮಾಡಬೇಕು ಅನ್ನುವುದೂ ಮನೆಯವರಿಗೆ ಗೊತ್ತಾಗುತ್ತದೆ. ಕೆಲವು ಸಲ ಜೀವವೂ ಉಳಿಯುತ್ತದೆ.

ಯಾವ ಗುಳಿಗೆ? ಎಲ್ಲಾ ನೋವಿನ ಗುಳಿಗೆ ಅಲ್ಲ

ಗಸಗಸೆ ಗಿಡದ ಕಾಯಿಯ ಹಾಲಿನಿಂದ ಅಫೀಮು ಸಿಗುತ್ತದೆ. ಅದರಿಂದ ಮಾರ್ಫಿನ್, ಕೊಡೀನ್ ಬರುತ್ತವೆ. ಮಾರ್ಫಿನ್‌ನಿಂದ ಹೆರಾಯಿನ್ ತಯಾರಾಗುತ್ತದೆ. ಟ್ರಮಡಾಲ್, ಟ್ಯಾಪೆಂಟಡಾಲ್ ಅನ್ನುವ ಔಷಧಿಗಳು ಕಾರ್ಖಾನೆಯಲ್ಲಿ ತಯಾರಾದವು, ಆದರೂ ಮಿದುಳಿನಲ್ಲಿ ಕೆಲಸ ಮಾಡುವುದು ಅದೇ ಜಾಗದಲ್ಲಿ. ಇವೆಲ್ಲಕ್ಕೂ ಸೇರಿಸಿ ಓಪಿಯಾಯ್ಡ್ ಅನ್ನುತ್ತಾರೆ.

ಪ್ಯಾರಸಿಟಮಾಲ್, ಡೈಕ್ಲೋಫೆನಾಕ್ ಈ ಗುಂಪಿಗೆ ಸೇರುವುದಿಲ್ಲ. ಅವುಗಳನ್ನು ಅತಿಯಾಗಿ ನುಂಗಿದರೆ ಲಿವರ್, ಕಿಡ್ನಿಗೆ ಪೆಟ್ಟು ಬೀಳುತ್ತದೆ, ಆದರೆ ಈ ಬಗೆಯ ಚಟ ಹತ್ತುವುದಿಲ್ಲ. ಹಾಗೆಯೇ ಕ್ಯಾನ್ಸರ್ ರೋಗಿಗೆ, ದೊಡ್ಡ ಆಪರೇಷನ್ ಆದವರಿಗೆ ವೈದ್ಯರು ಬರೆದುಕೊಟ್ಟ ಮಾರ್ಫಿನ್, ಟ್ರಮಡಾಲ್ ಕಂಡು ಹೆದರಬೇಕಿಲ್ಲ. ಹೇಳಿದ ಅಳತೆಯಲ್ಲಿ, ಹೇಳಿದಷ್ಟು ದಿನ ತೆಗೆದುಕೊಂಡರೆ ಅದು ಔಷಧಿಯೇ.

ನಮ್ಮ ಕಡೆ 'ಚಟ' ಅಂದರೆ ಮೊದಲು ನೆನಪಾಗುವುದು ಸೆರೆ, ಗುಟ್ಕಾ, ಓಸಿ. ಗುಳಿಗೆ ಚಟ ಕಣ್ಣಿಗೆ ಬೀಳುವುದಿಲ್ಲ. ಬಾಯಿ ವಾಸನೆ ಬರುವುದಿಲ್ಲ, ತೂರಾಡುವುದು ಕಡಿಮೆ. ಮೂಟೆ ಹೊರುವುದು, ಹತ್ತಿ ಬಿಡಿಸುವುದು, ದಿನಗಟ್ಟಲೆ ಟ್ರ್ಯಾಕ್ಟರ್ ಹೊಡೆಯುವುದು ಇಂಥ ದುಡಿಮೆಯಲ್ಲಿ ಸೊಂಟ, ಬೆನ್ನು ನೋವು ಇದ್ದದ್ದೇ. ಗೆಳೆಯ ಕೊಟ್ಟ ಗುಳಿಗೆ ನೋವನ್ನೂ ಕಳೆಯುತ್ತದೆ, ಮೈಗೆ ಹುರುಪನ್ನೂ ಕೊಡುತ್ತದೆ. ಎಷ್ಟೋ ಜನರಿಗೆ ದಾರಿ ಶುರುವಾಗುವುದು ಮೋಜಿನಿಂದಲ್ಲ, ಹೀಗೆ ನೋವಿನಿಂದ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಪರವಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ ಪ್ರಕಾರ ದೇಶದ ಶೇ. 2ರಷ್ಟು ಜನ ಓಪಿಯಾಯ್ಡ್ ಬಳಸುತ್ತಾರೆ. ಅದರಲ್ಲಿ ಔಷಧಿ ರೂಪದ ಓಪಿಯಾಯ್ಡ್ ಬಳಸುವವರೇ ಶೇ. 1ರ ಹತ್ತಿರ. ಮದ್ಯ ಕುಡಿಯುವವರ ಪ್ರಮಾಣ ಶೇ. 14.6. ಲೆಕ್ಕದಲ್ಲಿ ಗುಳಿಗೆ ಸಣ್ಣದಾಗಿ ಕಂಡರೂ, ಒಮ್ಮೆ ಬಳಸಿದವರು ಅವಲಂಬಿತರಾಗುವ ಅಪಾಯ ಓಪಿಯಾಯ್ಡ್‌ನಲ್ಲಿ ಹೆಚ್ಚು.

ಒಂಬತ್ತು ದಿನದ ಭವಿಷ್ಯ

ಅಮೆರಿಕದ ಸಂಶೋಧಕರಾದ ನ್ಯಾನ್ಸಿ ಪೆಟ್ರಿ, ವಾರೆನ್ ಬಿಕೆಲ್ ಮತ್ತು ಸಂಗಡಿಗರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆರಾಯಿನ್ ಚಟ ಇದ್ದವರಿಗೂ ಇಲ್ಲದವರಿಗೂ 'ಮುಂದಿನ ದಿನಗಳು' ಅನ್ನುವ ಬಗ್ಗೆ ಯೋಚಿಸಲು ಹೇಳಿ, ಅವರ ಮನಸ್ಸು ಎಷ್ಟು ದೂರ ಹೋಗುತ್ತದೆ ಅಂತ ನೋಡಿದರು. ಚಟ ಇಲ್ಲದವರ ಮನಸ್ಸು ಸರಾಸರಿ 4.7 ವರ್ಷ ಮುಂದೆ ಹೋಯಿತು. ಚಟ ಇದ್ದವರದು ಸರಾಸರಿ 9 ದಿನ.

ಮಗನಿಗೆ "ಹಿಂಗಾದ್ರ ಇನ್ನ ಐದ್ ವರ್ಷಕ್ಕ ನಿನ್ನ ಗತಿ ಏನು?" ಅಂತ ಅಪ್ಪ ಬಯ್ಯುತ್ತಾನೆ. ಅಪ್ಪನ ಮಾತು ಸರಿಯಾದದ್ದೇ. ಆದರೆ ಮಗನ ಮನಸ್ಸಿನ ಕ್ಯಾಲೆಂಡರ್‌ನಲ್ಲಿ ಅಷ್ಟು ಹಾಳೆಗಳೇ ಇಲ್ಲ.

ಇದೇ ಸಂಶೋಧಕರ ಬಳಗ ಇನ್ನೊಂದು ಸರಳ ಪರೀಕ್ಷೆಯನ್ನೂ ಮಾಡಿತ್ತು. ಇವತ್ತು ಕಡಿಮೆ ಹಣ ಬೇಕೋ, ಸ್ವಲ್ಪ ದಿನ ಕಾಯ್ದು ಹೆಚ್ಚು ಹಣ ಬೇಕೋ ಅಂತ ಕೇಳುವುದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಈಗಲೇ 500 ರೂಪಾಯಿ ಕೊಡಲೋ, ಮೂರು ತಿಂಗಳು ಬಿಟ್ಟು 1,000 ಕೊಡಲೋ ಅಂದ ಹಾಗೆ. ಕಾಯಬೇಕಾದ ಪ್ರತಿ ದಿನಕ್ಕೂ ಮುಂದಿನ ಹಣದ ಬೆಲೆ ಎಲ್ಲರ ಮನಸ್ಸಿನಲ್ಲೂ ಒಂದಿಷ್ಟು ಇಳಿಯುತ್ತದೆ. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆರಾಯಿನ್ ಚಟ ಇದ್ದವರಲ್ಲಿ ಹೀಗೆ ಬೆಲೆ ಇಳಿಯುವ ವೇಗ ಬೇರೆಯವರಿಗಿಂತ ಎರಡು ಪಟ್ಟು ಇತ್ತು.

2002ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಅದೇ ಮನುಷ್ಯನಿಗೆ ಔಷಧಿಯ ಕೊರತೆ ಶುರುವಾದಾಗ ಈ ಅವಸರ ಇನ್ನೂ ಹೆಚ್ಚುತ್ತದೆ. ಔಷಧಿ ವಿಷಯದಲ್ಲಿ ಅಷ್ಟೇ ಅಲ್ಲ, ಹಣದ ವಿಷಯದಲ್ಲೂ. ಅಂದರೆ ದುಡುಕು ಬರೀ ಸ್ವಭಾವ ಅಲ್ಲ, ಅದು ಹೊತ್ತಿನಿಂದ ಹೊತ್ತಿಗೆ ಏರಿಳಿಯುವ ಸ್ಥಿತಿ. ಮುಂಜಾನೆ ಶಾಂತವಾಗಿ ಕೂತು "ಬಿಡ್ತೀನಿ" ಅಂದವನು ಸುಳ್ಳು ಹೇಳಿರುವುದಿಲ್ಲ. ಸಂಜೆ ಹೊತ್ತಿಗೆ ಅವನ ತಕ್ಕಡಿ ಬದಲಾಗಿರುತ್ತದೆ.

ರೈತರಿಗೆ ಗೊತ್ತಿರುವ ಲೆಕ್ಕ

ಇದನ್ನು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕಿಲ್ಲ. ಹೆಸರು ರಾಶಿ ಆದ ವಾರವೇ ಅಣ್ಣಿಗೇರಿ, ನವಲಗುಂದ ಪೇಟೆಗೆ ಮಾಲು ತುಂಬಿ ಬರುತ್ತದೆ, ದರ ಕುಸಿಯುತ್ತದೆ. ಎರಡು ತಿಂಗಳು ಇಟ್ಟರೆ ನಾಲ್ಕು ಕಾಸು ಹೆಚ್ಚು ಸಿಗಬಹುದು ಅಂತ ಎಲ್ಲ ರೈತರಿಗೂ ಗೊತ್ತು. ಆದರೂ ಮಾರುತ್ತಾರೆ. ಯಾಕೆಂದರೆ ಸಾಲ ಕೊಟ್ಟವನು ಮನೆ ಬಾಗಿಲಲ್ಲಿ ನಿಂತಿರುತ್ತಾನೆ. ಆ ರೈತ ದಡ್ಡನಲ್ಲ. ಅವನಿಗೆ ಕಾಯುವ ಶಕ್ತಿ ಇಲ್ಲ.

ಚಟಕ್ಕೆ ಬಿದ್ದವನ ಮೈಯೊಳಗೇ ಅಂಥ ಒಬ್ಬ ಸಾಲಗಾರ ಕೂತಿರುತ್ತಾನೆ. ವ್ಯತ್ಯಾಸ ಇಷ್ಟೇ: ಪೇಟೆಯ ಸಾಲಗಾರ ವರ್ಷಕ್ಕೊಮ್ಮೆ ಬಂದರೆ ಇವನು ದಿನಕ್ಕೆ ಎರಡು ಮೂರು ಸಲ ಬರುತ್ತಾನೆ.

ಮಿದುಳಿನಲ್ಲಿ ಏನಾಗುತ್ತದೆ?

ನಮ್ಮ ದೇಹವೇ ನೋವು ತಣಿಸುವ ಎಂಡಾರ್ಫಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ಅವು ಕೂರುವ ಜಾಗದಲ್ಲೇ ಓಪಿಯಾಯ್ಡ್ ಹೋಗಿ ಕೂರುತ್ತದೆ. ಜೊತೆಗೆ ಸುಖ, ಬಯಕೆಗೆ ಸಂಬಂಧಿಸಿದ ಡೋಪಮಿನ್ ಒಮ್ಮೆಲೇ ಏರುತ್ತದೆ. ಮಿದುಳು "ಇದು ಬಹಳ ಮುಖ್ಯ, ನೆನಪಿಟ್ಟುಕೋ" ಅಂತ ಕಲಿಯುತ್ತದೆ. ಅಂಗಡಿ, ಗೆಳೆಯ, ಬಸ್ ಸ್ಟ್ಯಾಂಡಿನ ಮೂಲೆ, ಕೊನೆಗೆ ಕೈಗೆ ಬಂದ 500ರ ನೋಟು ಕೂಡ ಆ ನೆನಪಿಗೆ ಗಂಟು ಬೀಳುತ್ತದೆ.

ದಿನ ಕಳೆದಂತೆ ಅದೇ ಅಳತೆ ಸಾಲದಾಗುತ್ತದೆ. ಔಷಧಿ ಸಿಗದಿದ್ದರೆ ಆಕಳಿಕೆ, ಮೂಗು ಕಣ್ಣು ಸೋರುವುದು, ಮೈ ಜುಮ್ಮೆನ್ನುವುದು, ಹೊಟ್ಟೆ ಹಿಡಿತ, ಭೇದಿ, ಕೈಕಾಲು ಸೆಳೆತ, ನಿದ್ದೆ ಬಾರದೆ ಹೊರಳಾಟ. ಹೆರಾಯಿನ್‌ನಂಥವುಗಳಲ್ಲಿ ಕೊನೆಯ ಸಲ ತೆಗೆದುಕೊಂಡ 8ರಿಂದ 12 ತಾಸಿಗೇ ಇದು ಶುರು, ಎರಡು ಮೂರನೇ ದಿನ ತುದಿ ಮುಟ್ಟುತ್ತದೆ, ಸುಮಾರು ಒಂದು ವಾರ ಕಾಡುತ್ತದೆ. ಈ ಹೊತ್ತಿಗೆ ಮನುಷ್ಯ ಹುಡುಕುವುದು ಸುಖವನ್ನಲ್ಲ, ಬಿಡುಗಡೆಯನ್ನು.

ಹಣೆಯ ಹಿಂಭಾಗದಲ್ಲಿರುವ ಮಿದುಳಿನ ಮುಂಭಾಗ "ಸ್ವಲ್ಪ ತಡಿ, ಯೋಚನೆ ಮಾಡು" ಅನ್ನುವ ಬ್ರೇಕ್ ಇದ್ದ ಹಾಗೆ. ಚಟ ಹಳೆಯದಾದಂತೆ ಬ್ರೇಕ್ ಸಡಿಲಾಗುತ್ತದೆ, ಬಯಕೆಯ ಎಂಜಿನ್ ಜೋರಾಗುತ್ತದೆ. 1994ರಲ್ಲಿ ಅಮೆರಿಕದ ಅಯೋವಾದಲ್ಲಿ ಆಂಟೋನಿಯೊ ಡಮಾಸಿಯೊ ಅವರ ತಂಡ ಇಸ್ಪೀಟು ಎಲೆಗಳ ನಾಲ್ಕು ಕಟ್ಟಿನ ಒಂದು ಪರೀಕ್ಷೆ ರೂಪಿಸಿತು. ಎರಡು ಕಟ್ಟಿನಲ್ಲಿ ಪ್ರತಿ ಸಲ ದೊಡ್ಡ ಗೆಲುವು, ನಡುವೆ ಅದಕ್ಕಿಂತ ದೊಡ್ಡ ಸೋಲು. ಉಳಿದ ಎರಡರಲ್ಲಿ ಸಣ್ಣ ಗೆಲುವು, ಇನ್ನೂ ಸಣ್ಣ ಸೋಲು. ಸಾಮಾನ್ಯ ಜನ ಸ್ವಲ್ಪ ಹೊತ್ತಿಗೆ ಸಣ್ಣ ಗೆಲುವಿನ ಕಟ್ಟಿಗೆ ಬರುತ್ತಾರೆ. ಓಪಿಯಾಯ್ಡ್ ಚಟ ಇದ್ದವರು ಸರಾಸರಿಯಾಗಿ ಬೇರೆಯವರಿಗಿಂತ ಹೆಚ್ಚು ಸಲ ದೊಡ್ಡ ಗೆಲುವಿನ ಕಟ್ಟಿಗೇ ಕೈ ಹಾಕುತ್ತಾರೆ. ಓಸಿ ಆಡುವವರನ್ನು ನೋಡಿದ ಊರಿಗೆ ಇದು ಹೊಸ ಸುದ್ದಿಯೇನಲ್ಲ.

ದುಡುಕು ಮೊದಲೋ, ಚಟ ಮೊದಲೋ? ಎರಡೂ ಹೌದು. ಹುಟ್ಟಿನಿಂದ ದುಡುಕು ಸ್ವಭಾವದವರಿಗೆ ಚಟ ಹತ್ತುವುದು ಸುಲಭ. ಹತ್ತಿದ ಮೇಲೆ ಚಟವೇ ದುಡುಕನ್ನು ಬೆಳೆಸುತ್ತದೆ. ಒಳ್ಳೆಯ ಸುದ್ದಿ ಅಂದರೆ, ಬಿಟ್ಟು ಕೆಲ ಕಾಲ ಕಳೆದವರಲ್ಲಿ ಈ ಅವಸರ ಚಟದಲ್ಲಿದ್ದವರಿಗಿಂತ ಕಡಿಮೆ ಇರುವುದು ಕಂಡುಬಂದಿದೆ.

ಜಾಗ ಬದಲಾದರೆ ಮನುಷ್ಯ ಬದಲಾಗಬಹುದು

ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಹೆರಾಯಿನ್, ಅಫೀಮಿನ ಅವಲಂಬನೆ ಇತ್ತು. 1971ರಲ್ಲಿ ಮನೆಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿ ಅಧ್ಯಯನ ಮಾಡಿದರು. ಅಲ್ಲಿ ಚಟ ಹತ್ತಿದವರಲ್ಲಿ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಯುದ್ಧ ಇಲ್ಲ, ಸುಲಭವಾಗಿ ಸಿಗುವ ಪುಡಿ ಇಲ್ಲ, ಆ ಗೆಳೆಯರ ಗುಂಪಿಲ್ಲ, ಮನೆ ಕೆಲಸ ಇದೆ.

ನಮ್ಮ ಹುಡುಗರ ಕಷ್ಟ ಇದಕ್ಕೆ ಉಲ್ಟಾ. ಚಿಕಿತ್ಸೆ ಮುಗಿಸಿ ಬಂದವನು ಅದೇ ಓಣಿ, ಅದೇ ಕಟ್ಟೆ, ಅದೇ ಗೆಳೆಯರ ನಡುವೆ ಬಂದು ಇಳಿಯುತ್ತಾನೆ. ಮನಸ್ಸು ಗಟ್ಟಿ ಇದ್ದರೆ ಸಾಕು ಅನ್ನುವುದು ಅರ್ಧ ಸತ್ಯ. ಕಣ್ಣಿಗೆ ಬೀಳುವುದು ಏನು, ಕೈಗೆ ಸಿಗುವುದು ಏನು ಅನ್ನುವುದೂ ಅಷ್ಟೇ ಮುಖ್ಯ.

ಮನೆಯವರು ಸಾಮಾನ್ಯವಾಗಿ ಮಾಡುವುದು

ಆಣೆ ಹಾಕಿಸುತ್ತಾರೆ. ಯಮನೂರಿಗೆ, ರಾಮಲಿಂಗ ಕಾಮಣ್ಣನಿಗೆ ಹರಕೆ ಹೊರುತ್ತಾರೆ. ಹರಕೆ ಮನೆಮಂದಿಗೆ ಧೈರ್ಯ ಕೊಡಬಹುದು, ಅದು ಅವರವರ ನಂಬಿಕೆ. ಆದರೆ ಅದರ ಜೊತೆ ಚಿಕಿತ್ಸೆಯೂ ಬೇಕು.

"ಮದುವಿ ಮಾಡಿದ್ರ ಸರಿ ಹೋಗ್ತಾನ" ಅನ್ನುವುದು ಎಲ್ಲಕ್ಕಿಂತ ಕೆಟ್ಟ ಲೆಕ್ಕ. ಏನೂ ಗೊತ್ತಿಲ್ಲದ ಒಂದು ಹೆಣ್ಣುಮಗಳ ಬದುಕನ್ನು ಔಷಧಿ ಅಂತ ಬಳಸಿದ ಹಾಗೆ.

ಕೋಣೆಯಲ್ಲಿ ಕೂಡಿಹಾಕುವುದು, ಸರಪಳಿ ಹಾಕುವುದು, ಹೊಡೆಯುವುದೂ ನಡೆಯುತ್ತದೆ. ಮಾನಸಿಕ ಅನಾರೋಗ್ಯ ಇದ್ದವರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಮದ್ಯ, ಮಾದಕ ವಸ್ತುವಿನ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಯೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮೊದಲು ನೋಂದಣಿ ಇದೆಯೇ, ಮನೋವೈದ್ಯರು ಬರುತ್ತಾರೆಯೇ, ಮನೆಯವರಿಗೆ ಭೇಟಿಗೆ ಬಿಡುತ್ತಾರೆಯೇ ಅಂತ ಕೇಳಲೇಬೇಕು.

ಅತಿ ಅಪಾಯದ ದಿನ ಯಾವುದು?

ಚಟ ಜೋರಾಗಿದ್ದ ದಿನವಲ್ಲ. ಕೆಲ ವಾರ ಬಿಟ್ಟು ಮತ್ತೆ ತೆಗೆದುಕೊಂಡ ದಿನ.

ಆಸ್ಪತ್ರೆಯಲ್ಲೋ, ಕೇಂದ್ರದಲ್ಲೋ, ಜೈಲಿನಲ್ಲೋ ಕೆಲ ವಾರ ಇದ್ದು ಬಂದವನ ದೇಹ ಹಳೆಯ ಅಳತೆಯನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮನಸ್ಸಿಗೆ ಮಾತ್ರ ಹಳೆಯ ಅಳತೆಯೇ ನೆನಪು. ಒಂದು ಜಗಳ, ಒಬ್ಬ ಗೆಳೆಯ, ಕೈಯಲ್ಲಿ ರೊಕ್ಕ ಇಷ್ಟು ಸೇರಿದರೆ ಒಂದು ಗಳಿಗೆಯ ದುಡುಕಿನಲ್ಲಿ ಮೊದಲಿನಷ್ಟೇ ತೆಗೆದುಕೊಳ್ಳುತ್ತಾನೆ. ಓಪಿಯಾಯ್ಡ್ ಉಸಿರಾಟ ನಡೆಸುವ ಮಿದುಳಿನ ಭಾಗವನ್ನು ಮಂದ ಮಾಡುತ್ತದೆ. ಜೊತೆಗೆ ಸೆರೆ ಅಥವಾ ನಿದ್ದೆ ಗುಳಿಗೆ ಸೇರಿದರೆ ಉಸಿರೇ ನಿಲ್ಲಬಹುದು.

ಎಬ್ಬಿಸಿದರೂ ಏಳದಿರುವುದು, ಉಸಿರು ತೀರಾ ನಿಧಾನ ಅಥವಾ ಗೊರಗೊರ ಸದ್ದು, ತುಟಿ ಉಗುರು ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ, ಇವು ಲಕ್ಷಣ. "ಮಲಗಲಿ ಬಿಡು, ಇಳೀತದ" ಅನ್ನಬಾರದು. ಕೂಡಲೇ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಮಜ್ಜಿಗೆ, ಉಪ್ಪುನೀರು ಹಾಕಬೇಡಿ. ಏನು ತೆಗೆದುಕೊಂಡಿದ್ದ ಅಂತ ವೈದ್ಯರಿಂದ ಮುಚ್ಚಿಡಬೇಡಿ, ಗುಳಿಗೆ ಹಾಳೆ ಸಿಕ್ಕರೆ ಜೊತೆಗೆ ಒಯ್ಯಿರಿ. ನಲಾಕ್ಸೋನ್ ಎಂಬ ಇಂಜೆಕ್ಷನ್ ಓಪಿಯಾಯ್ಡ್ ಪರಿಣಾಮವನ್ನು ನಿಮಿಷಗಳಲ್ಲಿ ತಿರುಗಿಸಬಲ್ಲದು. ಆದರೆ ಗೊತ್ತಾದರೆ ತಾನೇ ಕೊಡುವುದು.

ದುಡುಕಿಗೆ ತಕ್ಕ ಚಿಕಿತ್ಸೆ

ಮೊದಲ ಕೆಲಸ ಮೈಯೊಳಗಿನ ಆ ಸಾಲಗಾರನ ಬಾಯಿ ಮುಚ್ಚಿಸುವುದು. ಬುಪ್ರೆನಾರ್ಫಿನ್ ಅಥವಾ ಬುಪ್ರೆನಾರ್ಫಿನ್-ನಲಾಕ್ಸೋನ್ ಗುಳಿಗೆ ನಾಲಿಗೆ ಕೆಳಗೆ ಇಡುವಂಥದ್ದು, ಪರಿಣಾಮ ದಿನವಿಡೀ ನಿಲ್ಲುತ್ತದೆ. ಮೆಥಡೋನ್ ಕೂಡ ಕೆಲವು ಕೇಂದ್ರಗಳಲ್ಲಿದೆ. "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ್ರು" ಅಂತ ಮನೆಯವರು ಬೇಸರಪಡುತ್ತಾರೆ. ಹಾಗಲ್ಲ. ಅಮಲಿನ ಏರಿಳಿತ ಇಲ್ಲದೆ ದಿನ ಸಮನಾಗಿ ಸಾಗಿದರೆ ಮಿದುಳಿಗೆ ನಾಳೆಯ ಬಗ್ಗೆ ಯೋಚಿಸಲು ಪುರಸೊತ್ತು ಸಿಗುತ್ತದೆ, ಸಾವಿನ ಅಪಾಯವೂ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡ ಹಾಗೆ ಕೆಲವರಿಗೆ ಇದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ. ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬಾರದು.

ಎರಡನೆಯದು, ಬಹುಮಾನವನ್ನು ಹತ್ತಿರ ತರುವುದು. ವರ್ಷ ಬಿಟ್ಟರೆ ಬೈಕು ಕೊಡಿಸ್ತೀನಿ ಅನ್ನುವ ಮಾತು ದೂರದ್ದು. ಈ ವಾರ ಚಿಕಿತ್ಸೆಗೆ ತಪ್ಪದೆ ಹೋದರೆ ಭಾನುವಾರ ಅವನಿಗಿಷ್ಟವಾದ ಸಣ್ಣದೊಂದು ಕೆಲಸ ಆಗುತ್ತದೆ ಅನ್ನುವುದು ಹತ್ತಿರದ್ದು. ಸಣ್ಣ, ಖಚಿತ, ಕೂಡಲೇ ಸಿಗುವ ಮೆಚ್ಚುಗೆ ಕೆಲಸ ಮಾಡುತ್ತದೆ ಅಂತ ವ್ಯಸನ ಚಿಕಿತ್ಸೆಯಲ್ಲಿ ಹಲವು ಪ್ರಯೋಗಗಳು ತೋರಿಸಿವೆ.

ಮೂರನೆಯದು, ಶಾಂತವಾಗಿದ್ದ ಹೊತ್ತಿನಲ್ಲೇ ದುಡುಕಿನ ಹೊತ್ತಿಗೆ ಬೇಲಿ ಹಾಕಿಕೊಳ್ಳುವುದು. ಹೆಣ್ಣುಮಕ್ಕಳು ಸಂಘದಲ್ಲಿ ವಾರಕ್ಕಿಷ್ಟು ಅಂತ ರೊಕ್ಕ ಕಟ್ಟುವುದು ಯಾಕೆ? ಮನೆಯಲ್ಲಿದ್ದರೆ ಖರ್ಚಾಗುತ್ತದೆ ಅಂತ. ಅದೇ ಉಪಾಯ ಇಲ್ಲೂ ನಡೆಯುತ್ತದೆ. ಸುಗ್ಗಿ ರೊಕ್ಕ, ಕೂಲಿ ರೊಕ್ಕ ನೇರ ಬೇರೆಯವರ ಖಾತೆಗೆ ಬರುವ ಹಾಗೆ ಅವನ ಒಪ್ಪಿಗೆ ಪಡೆದೇ ಮಾಡಿಕೊಳ್ಳಬಹುದು. ಮೊಬೈಲಿನಿಂದ ಹಣ ಕಳಿಸುವ ಮಿತಿ ಇಳಿಸಬಹುದು. ಗುಳಿಗೆ ತಂದುಕೊಡುವವನ ನಂಬರ್ ಅಳಿಸಬಹುದು. ಚಿಕಿತ್ಸೆಯ ಗುಳಿಗೆ ಮನೆಯ ಒಬ್ಬರ ಕೈಯಲ್ಲಿರಲಿ, ದಿನಕ್ಕೆ ಬೇಕಾದಷ್ಟೇ ಕೊಡಲಿ. ಬಯಕೆ ತೆರೆಯ ಹಾಗೆ ಏರಿ ಇಳಿಯುತ್ತದೆ. ಆ ಹೊತ್ತು ದಾಟುವವರೆಗೆ ಜೊತೆಗೊಬ್ಬರು ಇದ್ದರೆ ಅದೇ ದೊಡ್ಡ ಸಹಾಯ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. "ನಡೀರಿ, ದವಾಖಾನಿಗೆ ಹೋಗೂಣು" ಅನ್ನುವುದೂ ಅವನ ಬಾಯಿಂದ ದುಡುಕಿನಲ್ಲೇ ಬರುತ್ತದೆ. ಆ ಹೊತ್ತು ಹಿಡಿಯಬೇಕು. "ಸೋಮವಾರ ನೋಡೂಣು, ಬಿತ್ತಿಗಿ ಮುಗೀಲಿ" ಅಂದರೆ ಬಸ್ ತಪ್ಪಿದ ಹಾಗೆ. ಯಾವ ಆಸ್ಪತ್ರೆ, ಯಾವ ನಂಬರ್, ಯಾರ ಗಾಡಿ ಅಂತ ಮನೆಯವರು ಮೊದಲೇ ಗೊತ್ತುಮಾಡಿಟ್ಟಿರಬೇಕು.

ಕಾನೂನಿಗೆ ಹೆದರಬೇಕೇ?

ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಅನ್ನು ಎನ್‌ಡಿಪಿಎಸ್ ಕಾಯ್ದೆಯಡಿ ತಂದಿತು. ಟ್ಯಾಪೆಂಟಡಾಲ್ ಅನ್ನು ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಅದೇ ಟ್ಯಾಪೆಂಟಡಾಲ್ ಜೊತೆ ಕ್ಯಾರಿಸೊಪ್ರೊಡಾಲ್ ಬೆರೆಸಿದ ಗುಳಿಗೆಗಳು ಭಾರತದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಅಲ್ಲಿನ ಯುವಕರನ್ನು ಹಾಳು ಮಾಡುತ್ತಿವೆ ಅಂತ ಬಿಬಿಸಿ ವರದಿ ಮಾಡಿದ ಮೇಲೆ, 2025ರ ಫೆಬ್ರುವರಿಯಲ್ಲಿ ಸರ್ಕಾರ ಅವುಗಳ ತಯಾರಿಕೆ, ರಫ್ತಿಗೆ ತಡೆ ಹಾಕಿತು.

ಮಾರುವವರಿಗೆ ಕಾನೂನು ಕಠಿಣ. ಆದರೆ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಎಂಬ ಕಲಂ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದೆ ಬಂದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡದೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಪೊಲೀಸರು ಹಿಡಿದಾರು ಅಂತ ಆಸ್ಪತ್ರೆಗೇ ಹೋಗದಿರುವುದು ತಪ್ಪು ಲೆಕ್ಕ.

ಎಲ್ಲಿಗೆ ಹೋಗಬೇಕು?

ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯಕ್ಕೇ ಮೀಸಲಾದ ಸರ್ಕಾರಿ ಸಂಸ್ಥೆ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗ ಇದೆ. ನವಲಗುಂದ, ಕುಂದಗೋಳ, ಕಲಘಟಗಿಯವರು ತಾಲ್ಲೂಕು ಆಸ್ಪತ್ರೆಯಲ್ಲಿ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಸಿಗುವ ಬಗ್ಗೆ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ.

ಮನೆಯಿಂದಲೇ ಫೋನ್ ಮಾಡುವುದಾದರೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಚಟ ಇದ್ದವನು ಒಪ್ಪದಿದ್ದರೂ ತಾಯಿ, ಹೆಂಡತಿ, ಅಣ್ಣ ಯಾರಾದರೂ ಕರೆ ಮಾಡಿ ಸಲಹೆ ಕೇಳಬಹುದು.

ಧಾರವಾಡ ಆಸ್ಪತ್ರೆ ಹೆಸರನ್ನು ನಮ್ಮ ಕಡೆ ಚೇಷ್ಟೆಗೆ ಬಳಸುವುದುಂಟು. ಆ ಚೇಷ್ಟೆಗೆ ಅಂಜಿ ಎಷ್ಟೋ ಮನೆಗಳು ಹುಡುಗನನ್ನು ಒಳಗೇ ಬಚ್ಚಿಟ್ಟುಕೊಂಡು ವರ್ಷ ಕಳೆಯುತ್ತವೆ. ನವಲಗುಂದದಿಂದ ಅಲ್ಲಿಗೆ ಬಸ್ ಹತ್ತಿದರೆ ಅದೇ ದಿನ ತೋರಿಸಿ ಸಂಜೆಗೆ ಊರಿಗೆ ಮರಳಬಹುದು. ಒಪ್ಪಿದ ದಿನವೇ ಕರಕೊಂಡು ಹೋಗಿ, ಓಣಿಯವರಿಗೆ ಏನು ಹೇಳೋದು ಅಂತ ಬಂದ ಮೇಲೆ ಯೋಚನೆ ಮಾಡಿದರಾಯ್ತು.